ನಿಶಾಪುರದ ಹಕ್ಕಿಬಟ್ಟಲು

ಉಮರ್ ಖಯ್ಯಾಮನ ಹೆಸರೆತ್ತಿದೊಡನೆ ಕನ್ನಡ ವಾಚಕರಿಗೆ ಡಿ. ವಿ. ಜಿ. ಅವರ ‘ಉಮರನ ಒಸಗೆ’ ನೆನಪಾಗುತ್ತದೆ. ಅದರೊಡನೆಯೇ, 1859ರಲ್ಲಿ ಬಂದ ಫಿಟ್ಜೆರಾಲ್ಡನ ಇಂಗ್ಲಿಷ್ ರೂಪದಿಂದ ಲೋಕಪ್ರಸಿದ್ಧವಾದ ಕುಂಬಾರನ ಅಂಗಡಿಯೂ, ಅಲ್ಲಿ ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುವ ಮಡಕೆಗಳೂ ಕಣ್ಣಮುಂದೆ ನಿಲ್ಲುತ್ತವೆ. ಮಣ್ಣಿನಿಂದ ಬಂದದ್ದು ಮಣ್ಣಿಗೇ ಎಂಬ ವಿಷಾದವನ್ನು ನುಡಿಯಲು ಮಡಕೆಗಿಂತ ಒದಗುವ ಉಪಮಾನ ಯಾವ ಕವಿಗೂ ಸಿಕ್ಕಲಾರದು. ಆದರೆ ಉಮರನ ಹುಟ್ಟೂರಾದ ನಿಶಾಪುರದ ಕುಂಬಾರರು ನಿಜವಾಗಿ ಮಾಡಿದ ಪಾತ್ರೆಗಳು ಏನನ್ನು ನುಡಿಯುತ್ತಿದ್ದುವು? ಕಾವ್ಯವನ್ನು ಸವಿದವರು ಈ ಪ್ರಶ್ನೆಯನ್ನೂ ಕೇಳಬೇಕೆಂದು ನನಗೆ ತೋರುತ್ತದೆ.

ಉತ್ತರ ಬಹುಕಾಲ ನೆಲದೊಳಗೇ ಇತ್ತು. 1221ರಲ್ಲಿ ಮಂಗೋಲರು ಆ ಊರನ್ನು ಹಾಳುಗೆಡವಿದರು. ಏಳು ಶತಮಾನಗಳ ಮೇಲೆ, 1935ರಿಂದ 1940ರವರೆಗೆ, ಮತ್ತೆ 1947ರಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನವರು ಅಲ್ಲಿ ಅಗೆತ ನಡೆಸಿದಾಗ ಕುಂಬಾರರ ಆವಿಗೆಗಳೂ ರಾಶಿರಾಶಿ ಬೋಕಿಗಳೂ ಬೆಳಕಿಗೆ ಬಂದುವು. ದೊರೆತ ವಸ್ತುಗಳನ್ನು ಟೆಹರಾನ್, ನ್ಯೂಯಾರ್ಕುಗಳು ಹಂಚಿಕೊಂಡುವು. ಅಗೆತದಲ್ಲಿ ಪಾಲ್ಗೊಂಡಿದ್ದ ಚಾರ್ಲ್ಸ್ ವಿಲ್ಕಿನ್ಸನ್ 1973ರಲ್ಲಿ ಈ ಮಣ್ಣಿನ ಪಾತ್ರೆಗಳನ್ನೇ ಕುರಿತು ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಅವುಗಳಲ್ಲಿ ಉತ್ತಮವಾದ ಹಲವು ಹತ್ತನೆಯ ಶತಮಾನದವು. ಎಂದರೆ 1048ರಲ್ಲಿ ಹುಟ್ಟಿದ ಉಮರನಿಗೆ ಅಜ್ಜ ಮುತ್ತಜ್ಜಂದಿರ ಕಾಲದವು.

ಹಕ್ಕಿಯ ಚಿತ್ರವಿರುವ ಬಟ್ಟಲುಗಳಲ್ಲಿ ಎರಡು ಬಗೆಗಳನ್ನು ಮುಖ್ಯವಾಗಿ ಗಮನಿಸಬೇಕು. ಒಂದರಲ್ಲಿ ಹಳದಿ, ಹಸುರು, ಕಪ್ಪು ಬಣ್ಣಗಳ ಸಂತೆಯೇ ನೆರೆದಿದೆ. ಹಕ್ಕಿ, ಹೂವು, ಎಲೆ, ಮೃಗ ಎಲ್ಲವೂ ಒಂದನ್ನೊಂದು ಒತ್ತರಿಸಿ ನಿಂತಿವೆ, ಬೆರಳಿಡಲೂ ತೆರಪಿಲ್ಲ. ಇದರಲ್ಲಿ ಉತ್ಸಾಹವುಂಟು, ವಿನೋದವೂ ಉಂಟು. ಆದರೆ ಕಣ್ಣಿಗೆ ವಿಶ್ರಾಂತಿಯಿಲ್ಲ.

ನನಗೆ ಹೆಚ್ಚು ಮೆಚ್ಚಿಕೆಯಾದದ್ದು ಇನ್ನೊಂದು ಬಗೆ. ಕೆನೆಬಿಳುಪಿನ ನೆಲದ ನಡುವೆ ಕಪ್ಪಿನಲ್ಲಿ ಬರೆದ ಒಂದೇ ಹಕ್ಕಿ. ಯಾವ ಜಾತಿಯದೆಂದು ಹೇಳುವಂತಿಲ್ಲ. ಕೊಕ್ಕು, ಕತ್ತು, ರೆಕ್ಕೆ, ಬಾಲ ಇಷ್ಟೇ. ಆದರೆ ಅದರ ಎದೆಯ ಬಾಗು ಬಟ್ಟಲಿನ ಬಾಗಿಗೆ ಎಷ್ಟು ಒಪ್ಪಿದೆಯೆಂದರೆ, ಅದೇ ಹಕ್ಕಿಯನ್ನು ಚಪ್ಪಟೆ ಹಲಗೆಯ ಮೇಲೆ ಬರೆದಿದ್ದರೆ ಅರ್ಧ ಜೀವ ಹೋಗುತ್ತಿತ್ತು.

ಈ ಸೊಗಸಿನ ಹಿಂದೆ ಕಸುಬಿನ ಜಾಣತನವಿದೆ. ಮಣ್ಣು ಅಷ್ಟು ಬೆಳ್ಳಗಿರದ ಕಾರಣ ಕುಂಬಾರರು ಪಾತ್ರೆಗೆ ಬಿಳಿಯ ಜೇಡಿಯ ತೆಳುಲೇಪ ಕೊಟ್ಟರು. ಮೇಲೆ ಹಚ್ಚುವ ಸೀಸದ ಗಾಜುಲೇಪವು ಆವಿಗೆಯ ಕಾವಿಗೆ ಕರಗಿ ಹರಿಯುವಾಗ ಬಣ್ಣವನ್ನೂ ಎಳೆದು ಗೆರೆಯನ್ನು ಕದಡಿಬಿಡುತ್ತದೆ. ಅದಕ್ಕಾಗಿ ಅವರು ಬಣ್ಣವನ್ನು ಜೇಡಿಯ ತಿಳಿಯಲ್ಲೇ ಕಲಸಿ ಬರೆದರು, ಗೆರೆ ನಿಂತಿತು. ಸಾವಿರ ವರ್ಷ ಕಳೆದರೂ ಹಕ್ಕಿಯ ಕೊಕ್ಕು ಮೊನಚಾಗಿಯೇ ಇದೆ.

ಇಂಥವನ್ನು ‘ಅಲಂಕಾರಿಕ ಕಲೆ’ ಎಂದು ಕರೆದು ಚಿತ್ರ, ಶಿಲ್ಪಗಳಿಗಿಂತ ಒಂದು ಮೆಟ್ಟಲು ಕೆಳಗೆ ಕೂರಿಸುವ ವಾಡಿಕೆಯುಂಟು. ಆನಂದ ಕುಮಾರಸ್ವಾಮಿಯವರು 1939ರ ಒಂದು ಪ್ರಬಂಧದಲ್ಲಿ ಆ ಮಾತಿನ ಬೇರನ್ನೇ ಹಿಡಿದು ವಿಚಾರಿಸಿದರು. ‘ಅಲಂ’ ಎಂದರೆ ಸಾಕು. ವಸ್ತುವನ್ನು ಅದರ ಕೆಲಸಕ್ಕೆ ಸಾಕಾಗುವಂತೆ ಮಾಡುವುದೇ ಮೂಲತಃ ಅಲಂಕಾರ. ಈ ಅಳತೆಗೋಲನ್ನು ನಮ್ಮ ಬಟ್ಟಲಿಗೆ ಹಿಡಿದು ನೋಡೋಣ. ಇಂಥ ಕೆಲವು ಬಟ್ಟಲುಗಳಲ್ಲಿ ಹಕ್ಕಿಯ ಮೈಮೇಲೋ ಅಂಚಿನ ಸುತ್ತಲೋ ಅರಬ್ಬೀ ಲಿಪಿಯಲ್ಲಿ ‘ಬರಕ’ ಎಂಬ ಪದವಿದೆ. ಹರಕೆ, ಸಮೃದ್ಧಿ ಎಂದು ಅದರ ಅರ್ಥ. ನಾವು ‘ಬರಕತ್ತು’ ಎನ್ನುತ್ತೇವಲ್ಲ, ಅದೇ ಪದ. ಬಟ್ಟಲು ತುಂಬಿರುವಾಗ ತಳದ ಹಕ್ಕಿ ಕಾಣದು. ಉಣ್ಣುತ್ತ ಬಂದಂತೆ ಮೇಲೇಳುತ್ತದೆ. ಊಟ ಬರಿದಾದ ಕಡೆ ಹರಕೆ ಉಳಿಯುತ್ತದೆ. ಹಕ್ಕಿಯನ್ನು ಅಳಿಸಿದರೆ ಉಳಿಯುವುದು ಬರಿಯ ಪಾತ್ರೆ. ಉಣಬಡಿಸಿದವರ ಮಾತು ಹೋಗಿಬಿಡುತ್ತದೆ.

ಎಲ್ಲ ಬಟ್ಟಲುಗಳೂ ಈ ಎತ್ತರಕ್ಕೇರಿವೆಯೆಂದು ನಾನು ವಾದಿಸುವುದಿಲ್ಲ. ಹಲವೆಡೆ ಆ ಪದ ಕೈರೂಢಿಯಿಂದ ಸವೆದು ಓದಲಾಗದ ಗೀರಾಗಿದೆ. ಹಕ್ಕಿಯೂ ಅಚ್ಚಿನ ಹಕ್ಕಿಯಾಗಿದೆ. ಕಾವ್ಯದಲ್ಲಿ ಸವಕಲು ಉಪಮೆಗಳಿರುವಂತೆ ಕುಂಬಾರಿಕೆಯಲ್ಲಿಯೂ ಇವೆ. ಅವನ್ನು ಬೇರೆಮಾಡಿ ನೋಡುವುದೇ ವಿಮರ್ಶೆ. ಕವಿಗೆ ಸಲ್ಲುವ ಈ ಮರ್ಯಾದೆ ಕುಂಬಾರನಿಗೂ ಸಲ್ಲಬೇಕು.

ಉಮರನ ಪದ್ಯಗಳಲ್ಲಿ ಮಡಕೆ ನಮ್ಮ ಅಳಿವನ್ನು ನೆನಪಿಸುತ್ತದೆ, ಅದು ಸುಳ್ಳಲ್ಲ. ಆದರೆ ಅದೇ ಊರಿನ ಮಣ್ಣು, ಉಣ್ಣಲು ಕುಳಿತವನಿಗೆ ಬರಕತ್ತಾಗಲೆಂದು ಹರಸಿಯೂ ಇತ್ತು. ‘ಉಮರನ ಒಸಗೆ’ಯನ್ನು ಓದುವವರು ಈ ಹಕ್ಕಿಬಟ್ಟಲಿನ ಚಿತ್ರವೊಂದನ್ನೂ ಮಗ್ಗುಲಲ್ಲಿ ಇಟ್ಟುಕೊಳ್ಳಲಿ ಎಂಬುದು ನನ್ನ ಬಿನ್ನಹ. ಅಳಿವಿನ ಮಾತಿನಷ್ಟೇ ಹರಕೆಯ ಮಾತೂ ಆಗ ಕಿವಿಗೆ ಬಿದ್ದೀತು.