ಬೋರ್ಡೋ ಡ್ರಮ್ಮಿನೊಳಗಿನ ಹತ್ತನೇ ಕ್ಲಾಸು

ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. 2.44 ಕಿಲೋಮೀಟರ್ ಉದ್ದ, ಸುಮಾರು 470 ಕೋಟಿ ರೂಪಾಯಿ ಖರ್ಚು. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಹೊಳೆಬಾಗಿಲಿನಲ್ಲಿ ಲಾಂಚ್ ಕಾಯುವ ಕಾಲ ಮುಗಿಯಿತು. ಲಿಂಗನಮಕ್ಕಿ ತುಂಬಿದಾಗಿನಿಂದ ದ್ವೀಪದವರಂತೆ ಬದುಕಿದ್ದ ತುಮರಿ, ಬ್ಯಾಕೋಡು ಕಡೆಯ ಜನಕ್ಕೆ ದಾರಿ ಸಿಕ್ಕಿತು. ಇದರ ಬೆನ್ನಿಗೇ ಒಂದು ಮಾತು ಸಭೆ ಸಮಾರಂಭಗಳಲ್ಲಿ, ಅಂಗಡಿ ಕಟ್ಟೆಗಳಲ್ಲಿ ಓಡಾಡತೊಡಗಿದೆ: ಇನ್ನು ಈ ಭಾಗದ ಮಕ್ಕಳಿಗೂ ವಿಜ್ಞಾನ, ತಂತ್ರಜ್ಞಾನದ ಬಾಗಿಲು ತೆರೆಯಿತು. ರಸ್ತೆ ಆಯಿತು, ನೆಟ್‌ವರ್ಕ್ ಸರಿಯಾಗಿ, ಶಾಲೆಗೊಂದು ಲ್ಯಾಬ್ ಬಂದು, ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಒಳ್ಳೆಯದೊಂದು ಕೋಚಿಂಗ್ ಸೆಂಟರ್ ಶುರುವಾಗಿಬಿಟ್ಟರೆ ನಮ್ಮ ಮಕ್ಕಳು ಯಾರಿಗೆ ಕಡಿಮೆ?

ಸೇತುವೆ ಬೇಡವಾಗಿತ್ತು ಎಂದು ಯಾರೂ ಹೇಳಲಾರರು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಗತಿ ಏನು ಎಂಬ ಅಂಜಿಕೆಯಲ್ಲಿ ಮಗಳನ್ನು ಹೊಳೆಯಾಚೆಯ ಕಾಲೇಜಿಗೆ ಕಳಿಸಲು ಹಿಂಜರಿದ ಮನೆಗಳಿಗೆ ಅದರ ಬೆಲೆ ಗೊತ್ತು. ನನ್ನ ತಕರಾರು ಆ ಮಾತಿನ ತಳದಲ್ಲಿರುವ ನಂಬಿಕೆಯ ಬಗ್ಗೆ. ವಿಜ್ಞಾನ ಬೇರೆಲ್ಲೋ ಇದೆ, ಒಂದೋ ಅದನ್ನು ಲಾರಿಯಲ್ಲಿ ಇಲ್ಲಿಗೆ ತರಬೇಕು, ಇಲ್ಲವೇ ಮಕ್ಕಳನ್ನು ಬಸ್ಸಿನಲ್ಲಿ ಅಲ್ಲಿಗೆ ಸಾಗಿಸಬೇಕು ಎಂಬ ಆ ನಂಬಿಕೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಮಟ್ಟಿಗೆ ಶುದ್ಧ ಸುಳ್ಳು. ಕರ್ನಾಟಕದಲ್ಲಿ ಇಷ್ಟು ವಿಜ್ಞಾನ, ಇಷ್ಟು ಎಂಜಿನಿಯರಿಂಗ್ ಕಣ್ಣೆದುರೇ ನಡೆದ ಗ್ರಾಮಾಂತರ ಪ್ರದೇಶಗಳು ಹೆಚ್ಚಿಲ್ಲ.

ಪಟ್ಟಿ ಮಾಡಿ ನೋಡಿ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆ 151 ಟಿಎಂಸಿ ನೀರು ಹಿಡಿಯುತ್ತದೆ. ಆ ನೀರಿನ ಮೇಲೆ ನಿಂತ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಹೊಸನಗರ ತಾಲ್ಲೂಕಿನ ಮಾಣಿ ಅಣೆಕಟ್ಟೆಯ ನೀರು ಘಟ್ಟದ ಕೆಳಗೆ ವಾರಾಹಿಯ ಭೂಗತ ಕೇಂದ್ರದಲ್ಲಿ ಕರೆಂಟ್ ಆಗುತ್ತದೆ. ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ವೈರಸ್ಸಿಗೆ ಜಗತ್ತೆಲ್ಲ ಇವತ್ತಿಗೂ ಆ ಊರಿನ ಹೆಸರೇ ಇದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಆ ವೈರಸ್ ತರುವ ಮಂಗನ ಕಾಯಿಲೆಗೆ ತತ್ತರಿಸಿತು. ಆಗುಂಬೆಯಲ್ಲಿ 2005ರಿಂದ ಮಳೆಕಾಡು ಸಂಶೋಧನಾ ಕೇಂದ್ರವಿದೆ. ಕಾಳಿಂಗ ಸರ್ಪಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ಅವುಗಳ ಓಡಾಟ ಗುರುತಿಸಿದ್ದು ಅಲ್ಲಿ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆಗೆಂದೇ ಒಂದು ವಿಶ್ವವಿದ್ಯಾಲಯವಿದೆ. ಇಷ್ಟೆಲ್ಲ ಇರುವ ಊರಿನ ಮಗುವಿಗೆ ನಾವು ಹೇಳುವುದೇನು? ಚೆನ್ನಾಗಿ ಓದು, ಇಲ್ಲೇನೂ ಇಲ್ಲ, ಹೊರಗೆ ಹೋಗು.

ಹತ್ತನೇ ತರಗತಿಯ ವಿಜ್ಞಾನದ ಮೊದಲ ಪಾಠ ರಾಸಾಯನಿಕ ಕ್ರಿಯೆಗಳು. ಅದರಲ್ಲೊಂದು ಚಟುವಟಿಕೆ: ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಪ್ಪತ್ತು ನಿಮಿಷ ಇಡಿ, ಮೊಳೆ ಕಂದಾಗುತ್ತದೆ, ದ್ರಾವಣದ ನೀಲಿ ಮಸುಕಾಗುತ್ತದೆ. ಸ್ಥಾನಪಲ್ಲಟ ಕ್ರಿಯೆ. ಸಮೀಕರಣ ಬರೆದರೆ ಅಂಕ. ಮೊಳೆಯಾಗಲಿ ದ್ರಾವಣವಾಗಲಿ ಕಣ್ಣಿಗೆ ಬೀಳದೆಯೂ ಅಂಕ ಸಿಗುತ್ತದೆ. ಶಾಲೆ ಶುರುವಾಗುವ ಅದೇ ಜೂನ್ ತಿಂಗಳಲ್ಲಿ ಆ ಪಾಠ ಓದುವ ಮಗುವಿನ ಮನೆಯಂಗಳದಲ್ಲಿ ಪ್ಲಾಸ್ಟಿಕ್ ಡ್ರಮ್ ಇಟ್ಟುಕೊಂಡು ಅಡಿಕೆಗೆ ಔಷಧಿ ತಯಾರಿ ನಡೆದಿರುತ್ತದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಶೇ 1ರ ಬೋರ್ಡೋ ದ್ರಾವಣ. ಬೆರೆಸಿದ ಮೇಲೆ ಅಪ್ಪ ಒಂದು ಚಾಕು ಅದ್ದಿ ತೆಗೆದು ನೋಡುತ್ತಾರೆ. ಅಲಗು ಕೆಂಪಗಾದರೆ ಇನ್ನಷ್ಟು ಸುಣ್ಣದ ತಿಳಿ ಹುಯ್ಯುತ್ತಾರೆ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟೇ. ಚಾಕು ಕೆಂಪಾಗುವುದು ಪುಸ್ತಕದ ಮೊಳೆ ಕಂದಾದ ಕಾರಣಕ್ಕೇ. ಸುಣ್ಣ ಸಾಲದೆ ಉಳಿದ ತಾಮ್ರ ಎಳೆ ಕಾಯನ್ನೂ ಎಲೆಯನ್ನೂ ಸುಡುತ್ತದೆ, ಅದಕ್ಕೇ ಆ ಪರೀಕ್ಷೆ.

ಈ ಔಷಧಿಗೆ ಚರಿತ್ರೆಯೂ ಇದೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ರೂಪುಗೊಂಡದ್ದು. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗದ ಶಿಲೀಂಧ್ರವನ್ನು ಅಧ್ಯಯನ ಮಾಡಿ 1910ರಲ್ಲಿ ಪ್ರಕಟಿಸಿದರು. ಕೊಳೆಗೆ ಬೋರ್ಡೋ ಸಿಂಪಡಣೆಯ ದಾರಿ ತೆರೆದದ್ದೂ ಅವರೇ. ಅದುವರೆಗೆ ಅಡಿಕೆ ಗೊನೆಗೆ ಕೊಟ್ಟೆಯ ಹೊದಿಕೆ ಕಟ್ಟುವುದೇ ಮುಖ್ಯ ರಕ್ಷಣೆ. ರಸಾಯನಶಾಸ್ತ್ರ, ಸಸ್ಯರೋಗ, ಶೇಕಡಾವಾರು ಲೆಕ್ಕ, ನೂರು ವರ್ಷದ ವಿಜ್ಞಾನ ಚರಿತ್ರೆ, ಎಲ್ಲವೂ ಒಂದು ಡ್ರಮ್ಮಿನಲ್ಲಿವೆ. ಆದರೆ ಡ್ರಮ್ಮು ಮನೆಯಲ್ಲಿ, ಪಾಠ ಶಾಲೆಯಲ್ಲಿ. ಎರಡರ ನಡುವಿನ ಹೊಳೆಗೆ ಯಾರೂ ಸೇತುವೆ ಕೇಳಿಲ್ಲ.

ಇನ್ನೊಂದು ಲೆಕ್ಕ. ಒಂಬತ್ತನೇ ತರಗತಿಯಲ್ಲಿ ಎತ್ತರದಲ್ಲಿರುವ ವಸ್ತುವಿನ ಪ್ರಚ್ಛನ್ನ ಶಕ್ತಿಯ ಸೂತ್ರ ಬರುತ್ತದೆ: ರಾಶಿ, ಗುರುತ್ವ, ಎತ್ತರ, ಮೂರನ್ನೂ ಗುಣಿಸುವುದು. ಪುಸ್ತಕದ ಲೆಕ್ಕಗಳಲ್ಲಿ ಯಾವುದೋ ವಸ್ತು ಯಾವುದೋ ಎತ್ತರದಲ್ಲಿರುತ್ತದೆ. ಅದರ ಬದಲು ಸಾವಿರ ಲೀಟರಿನ ಒಂದು ಸಿಂಟೆಕ್ಸ್ ಟ್ಯಾಂಕ್ ನೀರು ಜೋಗದ 253 ಮೀಟರ್ ಎತ್ತರದಿಂದ ಬಿದ್ದರೆ ಎಷ್ಟು ಕರೆಂಟ್ ಎಂದು ಕೇಳಿ. ಸಾವಿರ ಕೆಜಿ, 9.8, 253 ಗುಣಿಸಿದರೆ ಸುಮಾರು 24.8 ಲಕ್ಷ ಜೂಲ್. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಅಂದರೆ ಒಂದು ಟ್ಯಾಂಕ್ ನೀರು ಜೋಗದ ಗುಂಡಿಗೆ ಬಿದ್ದರೂ ಸಿಗುವುದು 0.69 ಯೂನಿಟ್, ಎಳ್ಳಷ್ಟೂ ನಷ್ಟವಾಗದಿದ್ದರೂ ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ ನಲವತ್ತು ನಿಮಿಷ ಕಾಯುವಷ್ಟು. ಗೃಹಜ್ಯೋತಿಯ 200 ಯೂನಿಟ್ ಉರಿಸುವ ಒಂದು ಮನೆಗೆ ತಿಂಗಳಿಗೆ ಇಂಥ 290 ಟ್ಯಾಂಕ್ ಬೇಕು.

ಈ ಉತ್ತರ ಬಂದ ಮೇಲೆ ಮಗು ಇನ್ನೊಂದು ಪ್ರಶ್ನೆ ಕೇಳದೆ ಬಿಡದು. ಒಂದು ಮನೆಗೆ ಇಷ್ಟಾದರೆ ಒಂದು ರಾಜ್ಯಕ್ಕೆ ಎಷ್ಟು ನೀರು? ಅಷ್ಟು ನೀರು ನಿಲ್ಲಿಸಲು ಎಷ್ಟು ನೆಲ? ಸುಮಾರು 300 ಚದರ ಕಿಲೋಮೀಟರ್ ಯಾಕೆ ಮುಳುಗಿತು, ಅಜ್ಜನ ಮನೆ ಯಾಕೆ ನೀರಡಿ ಹೋಯಿತು ಎಂಬುದಕ್ಕೆ ಉತ್ತರದ ಒಂದು ಭಾಗ ಆ ಗುಣಾಕಾರದಲ್ಲಿದೆ. ಸಾಗರದ ನಾ. ಡಿಸೋಜರು ಮುಳುಗಡೆಯ ನೋವನ್ನು ಕಾದಂಬರಿಗಳಲ್ಲಿ ಬರೆದರು. ಅದರ ಭೌತಶಾಸ್ತ್ರವನ್ನು ನಮ್ಮ ಶಾಲೆಗಳು ಇನ್ನೂ ಹೇಳಿಕೊಟ್ಟಿಲ್ಲ.

ಯಾಕೆ ಹೇಳಿಕೊಡುವುದಿಲ್ಲ? ಮೇಷ್ಟರಿಗೆ ಗೊತ್ತಿಲ್ಲವೆಂದು ತಿಳಿಯುವುದು ತಪ್ಪು. ಅವರ ಮನೆಯಲ್ಲೂ ತೋಟವಿರುತ್ತದೆ. ಇದಕ್ಕೆ ಅಂಕವಿಲ್ಲ, ಅಷ್ಟೇ ಕಾರಣ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ ಇಪ್ಪತ್ತನ್ನು ಎಷ್ಟೋ ಶಾಲೆಗಳಲ್ಲಿ ಧಾರಾಳವಾಗಿ ತುಂಬಿ ಕಳಿಸಲಾಗುತ್ತದೆಂಬುದು ಎಲ್ಲರೂ ಬಲ್ಲ ಗುಟ್ಟು. ಪಿಯುಸಿಯಲ್ಲಿ ಪ್ರಾಯೋಗಿಕ ಪರೀಕ್ಷೆ ಇದೆ, ಆದರೆ ಆ ಹೊತ್ತಿಗೆ ಮನೆಮಂದಿಯ ಕಣ್ಣೆಲ್ಲ ಸಿಇಟಿ ಮೇಲೆ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡ್. ಚಾಕು ಯಾಕೆ ಕೆಂಪಾಯಿತೆಂದು ಯೋಚಿಸಲು 80 ಸೆಕೆಂಡ್ ಸಾಲದು. ಆ ಪರೀಕ್ಷೆಗೆ ತಯಾರಾದ ಮಗು ಯೋಚನೆ ಬಿಟ್ಟು ಗುರುತಿಸುವುದನ್ನು ಕಲಿಯುತ್ತದೆ. ಕೋಚಿಂಗ್ ಸೆಂಟರ್ ಮಾರುವುದೂ ಅದನ್ನೇ. ಅದು ಬಂದರೆ ಸೀಟು ಹೆಚ್ಚಬಹುದು, ವಿಜ್ಞಾನ ಹೆಚ್ಚುತ್ತದೆಂಬ ಖಾತ್ರಿ ಇಲ್ಲ.

ಲ್ಯಾಬಿನ ವಾದಕ್ಕೂ ಇದೇ ಮಾತು. ಕೇಂದ್ರ ಸರ್ಕಾರ 2016ರಲ್ಲಿ ಶುರು ಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಡಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಥ್ರೀಡಿ ಪ್ರಿಂಟರ್, ಸೆನ್ಸರ್, ರೋಬೊ ಕಿಟ್ ಬರುತ್ತವೆ. 2025ರ ಬಜೆಟ್ಟಿನಲ್ಲಿ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇಂಥ 50,000 ಲ್ಯಾಬ್ ಕೊಡುವ ಘೋಷಣೆಯಾಯಿತು. ಒಳ್ಳೆಯದೇ. ಆದರೆ ಕಿಟ್ಟಿನ ಜೊತೆ ಸಮಸ್ಯೆಯೂ ರೆಡಿಮೇಡ್ ಆಗಿ ಬಂದರೆ ಮಕ್ಕಳು ಮಾಡುವುದು ನೆಲದ ಕಪ್ಪು ಪಟ್ಟಿಯ ಮೇಲೆ ಓಡುವ ಗಾಡಿಯನ್ನೇ. ತೇವಾಂಶ, ಉಷ್ಣತೆ ಅಳೆಯುವ ಕೆಲವೇ ನೂರು ರೂಪಾಯಿಯ ಸೆನ್ಸರನ್ನು ತೋಟದಲ್ಲಿ ನೇತುಹಾಕಿ, ಎಷ್ಟು ದಿನ ಎಡೆಬಿಡದೆ ತೇವವಿದ್ದರೆ ಕೊಳೆ ಕಾಣಿಸಿಕೊಳ್ಳುತ್ತದೆಂದು ಮೂರು ಮಳೆಗಾಲ ಬರೆದಿಟ್ಟರೆ ಅದು ಈ ಊರಿಗೆ ಬೇಕಾದ ತಂತ್ರಜ್ಞಾನ. ಎಲೆಚುಕ್ಕಿ ರೋಗ ಹೊಸನಗರ, ತೀರ್ಥಹಳ್ಳಿಯ ತೋಟಗಳನ್ನು ಒಣಗಿಸುತ್ತಿರುವಾಗ ಅಂಥ ದಾಖಲೆಗೆ ಬೆಲೆ ಕಟ್ಟಲಾಗದು.

ಇಲ್ಲಿ ಎದುರು ವಾದವನ್ನು ತಳ್ಳಿಹಾಕುವಂತಿಲ್ಲ. ಒಂದೆಕರೆ ತೋಟದ ಮನೆಯವರು, ಕೂಲಿ ಮಾಡುವವರು, ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕರೆ ಸಾಕೆನ್ನುವುದು ದುರಾಸೆಯಲ್ಲ. ಪೇಟೆಯ ಮಕ್ಕಳಿಗೆ ಜೆಇಇ, ಹಳ್ಳಿಯ ಮಕ್ಕಳಿಗೆ ಬೋರ್ಡೋ ಡ್ರಮ್ಮು ಎಂದು ಹಂಚಿದರೆ ಅದು ಹಳೆಯ ಪಂಕ್ತಿಭೇದದ ಹೊಸ ರೂಪ. ‘ಸ್ಥಳೀಯ ಜ್ಞಾನ’ ಎಂದು ಸೆಮಿನಾರಿನಲ್ಲಿ ಹೊಗಳಿ, ತಮ್ಮ ಮಕ್ಕಳನ್ನು ಕರಾವಳಿಯ ರೆಸಿಡೆನ್ಶಿಯಲ್ ಕಾಲೇಜಿಗೆ ಸೇರಿಸುವವರನ್ನು ನಾವೆಲ್ಲ ನೋಡಿದ್ದೇವೆ. ಹತ್ತರವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಒಮ್ಮೆಲೇ ಇಂಗ್ಲಿಷಿಗೆ ಬಿದ್ದವರ ಕಷ್ಟವೂ ನಿಜ.

ಅದಕ್ಕೇ ನನ್ನ ವಾದ ಸೀಟಿನ ವಿರುದ್ಧವಲ್ಲ. ಅಳೆಯುವ, ಮಾಡಿ ನೋಡುವ ವಿಜ್ಞಾನ ಅಂಕದ ಒಳಗೇ ಬರಬೇಕು ಎಂಬುದು. ಅಂಕದ ಹೊರಗೆ ನಿಂತ ಯಾವ ಸುಧಾರಣೆಯೂ ನಮ್ಮಲ್ಲಿ ಬಾಳಿಲ್ಲ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಶುರುವಾದ ವಿಜ್ಞಾನ ಬೋಧನಾ ಕಾರ್ಯಕ್ರಮ ಮೂವತ್ತು ವರ್ಷ ನಡೆಯಿತು. ಮಕ್ಕಳು ಪ್ರಯೋಗ ಮಾಡಿ ಕಲಿಯುತ್ತಿದ್ದರು ಎಂಬಷ್ಟೇ ಅದರ ವಿಶೇಷವಲ್ಲ. ಪರೀಕ್ಷೆಯನ್ನೇ ಬದಲಿಸಿದ್ದರು: ಪುಸ್ತಕ ತೆರೆದಿಟ್ಟು ಬರೆಯುವುದು, ಜೊತೆಗೆ ಪ್ರಯೋಗದ ಪರೀಕ್ಷೆ. ಸರ್ಕಾರಿ ಶಾಲೆಯ ಮೇಷ್ಟರುಗಳೇ ಅದನ್ನು ನಡೆಸಿದರು. 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಅಂಥದ್ದನ್ನು ನಡೆಸಲೂ ಕೊಲ್ಲಲೂ ಸರ್ಕಾರದ ಒಂದು ತೀರ್ಮಾನ ಸಾಕು ಎಂಬುದು ಅದರ ಪಾಠ.

ಕರ್ನಾಟಕದಲ್ಲಿ ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಆಂತರಿಕ ಮೌಲ್ಯಮಾಪನದ 20 ಅಂಕ ಈಗಾಗಲೇ ಇವೆ. ಅವುಗಳಲ್ಲಿ ಅರ್ಧವನ್ನಾದರೂ ವರ್ಷವಿಡೀ ಇಟ್ಟ ಅಳತೆಯ ಪುಸ್ತಕಕ್ಕೆ ಮೀಸಲಿಡಬಹುದು. ಮಳೆಯಿಂದಲೇ ಶುರು ಮಾಡಲಿ. ಹುಲಿಕಲ್ಲು, ಆಗುಂಬೆಯಂಥ ಊರುಗಳಿರುವ ಈ ತಾಲ್ಲೂಕುಗಳಲ್ಲಿ ಜುಲೈ ಬಂತೆಂದರೆ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಡುತ್ತಾರೆ. ಅಳೆಯಲು ಅತಿ ಹೆಚ್ಚು ಇರುವ ದಿನವೇ ಶಾಲೆಗೆ ಬೀಗ. ಸಾದಾ ಮಳೆಮಾಪಕವೊಂದು ಪ್ರತಿ ಮಗುವಿನ ಮನೆಯಂಗಳದಲ್ಲಿದ್ದರೆ ರಜೆಯೇ ಕೆಲಸದ ದಿನ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸರ್ಕಾರದ ಟೆಲಿಮೆಟ್ರಿಕ್ ಮಳೆಮಾಪಕಗಳಿವೆ. ಅದರ ಅಂಕಿಯೂ ಮನೆಯ ಅಂಕಿಯೂ ಯಾಕೆ ಹೊಂದಲಿಲ್ಲ ಎಂದು ಕೇಳಿದರೆ ದೋಷ, ಸರಾಸರಿ, ಗ್ರಾಫ್, ಇವೆಲ್ಲ ಗಣಿತ ಪುಸ್ತಕದಿಂದ ಎದ್ದು ಬರುತ್ತವೆ. ಎಷ್ಟೋ ತೋಟಗಳಲ್ಲಿ ಹಿರಿಯರು ದಶಕಗಳಿಂದ ಮಳೆ ಲೆಕ್ಕ ಬರೆದಿಟ್ಟಿದ್ದಾರೆ; ಅವೂ ಶಾಲೆಗೆ ಬರಲಿ.

ಇದಕ್ಕೆ ಮೇಷ್ಟರು ಬೇಕು. ಎಷ್ಟೋ ಶಾಲೆಗಳಲ್ಲಿ ಪಿಸಿಎಂ (ಭೌತ, ರಸಾಯನ, ಗಣಿತ) ಮೇಷ್ಟರ ಹುದ್ದೆ ಖಾಲಿ, ಅತಿಥಿ ಶಿಕ್ಷಕರು ಬರುವುದು ಮಳೆಗಾಲ ಅರ್ಧ ಕಳೆದ ಮೇಲೆ, ಬಂದವರಿಗೆ ಮುಂದಿನ ವರ್ಷದ ಖಾತ್ರಿ ಇಲ್ಲ. ಈ ಸ್ಥಿತಿಯಲ್ಲಿ ಯಾರೂ ಮೂರು ಮಳೆಗಾಲದ ಪ್ರಯೋಗಕ್ಕೆ ಕೈಹಾಕಲಾರರು. 20 ಲಕ್ಷದ ಕಿಟ್ಟಿಗಿಂತ ಐದು ವರ್ಷ ಒಂದೇ ಊರಿನಲ್ಲಿ ಉಳಿಯುವ ಒಬ್ಬ ವಿಜ್ಞಾನದ ಮೇಷ್ಟರು ದೊಡ್ಡ ಸವಲತ್ತು. ಇರುವಕ್ಕಿಯ ವಿಶ್ವವಿದ್ಯಾಲಯವಾಗಲಿ ಕಾರ್ಗಲ್ಲಿನ ವಿದ್ಯುತ್ ನಿಗಮದ ಎಂಜಿನಿಯರುಗಳಾಗಲಿ ಅಂಥವರ ಜೊತೆ ಮಾತ್ರ ಕೆಲಸ ಮಾಡಬಲ್ಲರು, ಉದ್ಘಾಟನೆಯ ರಿಬ್ಬನ್ ಜೊತೆಯಲ್ಲ.

ಇದರ ಜರೂರು ಸೀಟಿಗಿಂತ ದೊಡ್ಡದು. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ಈ ಸೀಮೆಯಲ್ಲಿ ಹೋರಾಟ ನಡೆದಿದೆ. ಕೆಳಗಿನ ನೀರನ್ನು ಮೇಲೆತ್ತಿ, ಬೇಕಾದಾಗ ಮತ್ತೆ ಬೀಳಿಸುವ ಯೋಜನೆ. ಎತ್ತಲು ತಗಲುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚು. ಹಾಗಿದ್ದೂ ಯಾಕೆ ಬೇಕೆನ್ನುತ್ತಾರೆ, ಹಗಲಿನ ಸೋಲಾರ್ ಕರೆಂಟಿಗೂ ಸಂಜೆಯ ಬೇಡಿಕೆಗೂ ಇದಕ್ಕೂ ಏನು ಸಂಬಂಧ, ಅದಕ್ಕೆ ಕಾಡು ಕೊಡುವುದು ತಕ್ಕ ಬೆಲೆಯೇ? ಶರಾವತಿಯ ಈ ಸಿಂಗಳೀಕಗಳ ಕಣಿವೆಯ ಬಗ್ಗೆ ತೀರ್ಪು ಹೇಳಲು ಜೋಗದ ಟ್ಯಾಂಕಿನ ಆ ಗುಣಾಕಾರವೂ ಬೇಕು, ಕಾಡಿನ ಗುರುತೂ ಬೇಕು. 1964ರಲ್ಲಿ ಮುಳುಗಿದವರ ಮುಂದೆ ಯಾರೂ ಲೆಕ್ಕ ಇಡಲಿಲ್ಲ; ಇಟ್ಟಿದ್ದರೂ ಓದಬಲ್ಲವರು ಊರಿನಲ್ಲಿ ಕಡಿಮೆ. ಇಂದಿನ ವರದಿಗಳು ನಮ್ಮ ಮೊಬೈಲಿಗೇ ಬರುತ್ತವೆ. ಅವನ್ನು ತೆರೆದು, ಈ ಅಂಕಿ ಎಲ್ಲಿಂದ ಬಂತು ಎಂದು ಕೇಳಬಲ್ಲ ಒಬ್ಬ ಹುಡುಗಿ ತುಮರಿಯಲ್ಲಿದ್ದರೆ, ಅವಳು ಮುಂದೆ ಬೆಂಗಳೂರಿಗೆ ಹೋದರೂ ಸರಿ, ತೋಟದಲ್ಲೇ ಉಳಿದರೂ ಸರಿ, ಇಲ್ಲಿನ ವಿಜ್ಞಾನ ಶಿಕ್ಷಣ ಗೆದ್ದಂತೆ. ಶಾಲೆಯಿಂದ ಅಷ್ಟೂ ಆಗದಿದ್ದರೆ ಸೇತುವೆಯ ಮೇಲೆ ಬಸ್ಸುಗಳು ಮಾತ್ರ ಹೆಚ್ಚುತ್ತವೆ.