ಪಟ್ಟಣದ ಸಂಸಾರದಲ್ಲಿ ‘ಸಾಕು’ ಎಂಬ ಮಾತು

‘ಹಳ್ಳಿಯ ಬಾಳು ಲೇಸೋ, ಪಟ್ಟಣದ ಬಾಳು ಲೇಸೋ’ ಎಂಬ ಪ್ರಬಂಧವನ್ನು ಮಕ್ಕಳಿಂದ ಬರೆಯಿಸದ ಕನ್ನಡ ಶಾಲೆ ನಮ್ಮ ಗಡಿಭಾಗದಲ್ಲಿ ಇರಲಾರದು. ನಾವೂ ಇಪ್ಪತ್ತೈದು ವರ್ಷಗಳಿಂದ ಬರೆಯಿಸುತ್ತ ಬಂದವರೇ. ಬರುವ ಉತ್ತರ ಬಹುಮಟ್ಟಿಗೆ ಒಂದೇ ಬಗೆಯದು: ಹಳ್ಳಿಯಲ್ಲಿ ಒಳ್ಳೆಯ ಗಾಳಿ, ಒಳ್ಳೆಯ ನೆರೆಹೊರೆ, ಪಟ್ಟಣದಲ್ಲಿ ಹೊಗೆ, ಗದ್ದಲ, ಒಂಟಿತನ. ಹತ್ತಕ್ಕೆ ಏಳು ಗುಣಗಳನ್ನು ಕೊಟ್ಟು ವಹಿಯನ್ನು ಮುಚ್ಚುವುದು ನಮ್ಮ ರೂಢಿ. ಆದರೆ ಹಾಗೆ ಬರೆದ ಮಕ್ಕಳೇ ಮುಂದೆ ದೊಡ್ಡವರಾಗಿ, ಲಗ್ನವಾಗಿ, ಹೆಂಡತಿಯನ್ನು ಕರೆದುಕೊಂಡು ಸೊಲ್ಲಾಪುರದಿಂದ ರಾತ್ರಿಯ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸನ್ನು ಹತ್ತಿ ಮುಂಬಯಿಗೆ ಹೊರಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಲ್ಲಿ ಆ ಇಬ್ಬರ ದಿನಗಳು ಹೇಗೆ ಸಾಗುತ್ತವೆ ಎಂಬುದಕ್ಕೆ ನಮ್ಮ ಪ್ರಬಂಧದ ಪಾಠದಲ್ಲಿ ಉತ್ತರವಿರಲಿಲ್ಲ. ಸಾಹಿತ್ಯದಲ್ಲಿ ಉಂಟೇ ಎಂದು ನೋಡುವುದು ಈ ಲೇಖನದ ಉದ್ದೇಶ.

ಹೀಗೆ ನೋಡಲು ಪ್ರೇರಣೆಯಾದ ಒಂದು ಸಣ್ಣ ಪ್ರಸಂಗವನ್ನು ಮೊದಲು ಹೇಳಬೇಕು. ಕೆಲವು ವರ್ಷಗಳ ಹಿಂದೆ ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆಂದು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಹೆಂಡತಿ ಮಗಳೊಡನೆ ಬಂದಿದ್ದನು. ಮುಂಬಯಿಯ ಹತ್ತಿರದ ಕಲ್ಯಾಣದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಅವರ ಸಂಸಾರ. ಅಲ್ಲಿಂದ ಮುಂಬಯಿಯ ಕೊನೆಯ ನಿಲ್ದಾಣಕ್ಕೆ ಐವತ್ತು ಕಿಲೋಮೀಟರಿಗೂ ಮಿಗಿಲು ದಾರಿ. ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಹೋಗಿಬರಬೇಕು. ನಾವು ಗುರುಗಳೆಂಬ ಸಲುಗೆಯಿಂದ, ‘ಇನ್ನೊಂದು ಅರ್ಧ ಪಾಳಿ ಹೆಚ್ಚು ದುಡಿ, ಸ್ವಂತದ ಮನೆ ಮಾಡಿಕೋ’ ಎಂದು ಅವನಿಗೆ ಬುದ್ಧಿ ಹೇಳಿದೆವು. ಅವನು ಸುಮ್ಮನಿದ್ದನು. ಚಹಾ ತಂದ ಅವನ ಹೆಂಡತಿ ಮೆಲ್ಲಗೆ ಅಂದಳು: ‘ಹೆಚ್ಚಿನ ಪಾಳಿ ಒಂದ ವರ್ಷ ಮಾಡಿ ನೋಡಿದ್ರ್ರಿ, ಸರ. ರೊಕ್ಕ ಮನಿಗೆ ಬರ್ತಿತ್ತು, ಮನಷ್ಯಾ ಬರ್ತಿರಲಿಲ್ರಿ. ನಮಗ ಇಷ್ಟ ಸಾಕ್ರಿ.’

ನಮಗೆ ಮಾತು ತೋಚಲಿಲ್ಲ. ಅಂದಿನಿಂದ ಪಟ್ಟಣದ ಸಂಸಾರವನ್ನು ಕುರಿತ ಯಾವ ಕೃತಿಯನ್ನು ಓದಿದರೂ ನೋಡಿದರೂ ಆ ‘ಸಾಕು’ ಎಂಬ ಮಾತನ್ನು ಅದರಲ್ಲಿ ಹುಡುಕುವುದು ನಮಗೆ ಅಭ್ಯಾಸವಾಗಿದೆ.

ಪಟ್ಟಣವೆಂದರೆ ಒಂಟಿತನ ಎಂಬ ಭಾವನೆ ನಮ್ಮ ವಿಮರ್ಶೆಯಲ್ಲಿ ಬಲವಾಗಿ ಬೇರೂರಿದೆ. ಅದಕ್ಕೆ ಕಾರಣವಿಲ್ಲದಿಲ್ಲ. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಬಂದಿತು. ಅದರ ನಾಗಪ್ಪನು ಉದ್ಯೋಗದ ಕಟ್ಟಡದಲ್ಲಿಯೂ ಒಬ್ಬನೇ, ಮನೆಯಲ್ಲಿಯೂ ಒಬ್ಬನೇ. ಯಾರು ತನ್ನನ್ನು ಬೇಟೆಯಾಡುತ್ತಿದ್ದಾರೆಂಬ ಶಂಕೆಯೇ ಅವನ ಸಂಗಾತಿ. ಕೃತಿಯ ಹಿರಿಮೆಯನ್ನು ನಾವು ತುಂಬು ಮನಸ್ಸಿನಿಂದ ಒಪ್ಪುತ್ತೇವೆ. ಆದರೆ ಅದು ಒಬ್ಬನ ಸತ್ಯ. ಇಬ್ಬರು ಕೂಡಿ ಒಂದು ಕೋಣೆಯಲ್ಲಿ ಒಲೆ ಹೂಡಿದಾಗ ಪಟ್ಟಣದ ಪ್ರಶ್ನೆಯೇ ಬದಲಾಗುತ್ತದೆ. ಆಗ ‘ನಾನು ಯಾರು’ ಎಂಬುದಕ್ಕಿಂತ ‘ನಮಗೆ ಎಷ್ಟು ಬೇಕು’ ಎಂಬುದು ಮುಂದೆ ಬರುತ್ತದೆ. ಹಳ್ಳಿಯಲ್ಲಿ ಈ ಪ್ರಶ್ನೆಯನ್ನು ಮಳೆಯೇ ತೀರ್ಮಾನಿಸಿಬಿಡುತ್ತದೆ. ಜೋಳ ಬಂದಷ್ಟು ಉಣ್ಣಬೇಕು, ಬಾರದಿದ್ದರೆ ಸಾಲ. ಪಟ್ಟಣದಲ್ಲಿ ದುಡಿದಷ್ಟೂ ಕೆಲಸವುಂಟು, ಕೊಂಡಷ್ಟೂ ಸಾಮಾನು ಉಂಟು. ಅಲ್ಲಿ ‘ಸಾಕು’ ಎಂದು ಹೇಳುವವರು ಮನೆಯೊಳಗಿನ ಇಬ್ಬರೇ.

ಈ ವಿಷಯ ಕನ್ನಡಕ್ಕೆ ಹೊಸದೂ ಅಲ್ಲ. ಹೆಸರು ಒಂದೇ ಆದರೂ ಬೇರೊಂದು ಕಲ್ಯಾಣಕ್ಕೆ, ಇಂದು ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣಕ್ಕೆ, ಹನ್ನೆರಡನೆಯ ಶತಮಾನದಲ್ಲಿ ರಾಯಚೂರು ಕಡೆಯ ಅಮರೇಶ್ವರದಿಂದ ದಂಪತಿಗಳಿಬ್ಬರು ಬಂದರು: ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಕಲ್ಯಾಣವು ಆಗ ಒಂದು ಸಾಮ್ರಾಜ್ಯದ ರಾಜಧಾನಿ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ಕಂಡು, ಇದು ನಮ್ಮದಲ್ಲ, ತಂದಲ್ಲಿಗೇ ಸುರಿದು ಬಾ ಎಂದಳು. ಶೂನ್ಯಸಂಪಾದನೆಯಲ್ಲಿಯೂ ಈ ಪ್ರಸಂಗವು ಬಂದಿದೆ.

ಇದನ್ನು ನಾವೆಲ್ಲರೂ ತರಗತಿಯಲ್ಲಿ ಕಾಯಕತತ್ತ್ವದ ಪಾಠವಾಗಿ ಹೇಳುತ್ತೇವೆ, ಅದು ಸರಿಯೇ. ಆದರೆ ಇದು ಮೊದಲಿಗೆ ಒಂದು ಮನೆಯೊಳಗಿನ ಮಾತು ಎಂಬುದನ್ನು ಮರೆಯಬಾರದು. ದಿನಕ್ಕೆ ಎಷ್ಟು ಅಕ್ಕಿ ಬೇಕೆಂಬ ಅಳತೆ ಒಲೆಯ ಮುಂದೆ ಕುಳಿತವಳ ಕಣ್ಣಿನಲ್ಲಿದೆ. ಅಂಗಳದಲ್ಲಿ ಅಕ್ಕಿ ಚೆಲ್ಲಿ ಹೋಗುವಷ್ಟು ಸಮೃದ್ಧಿ ರಾಜಧಾನಿಯಲ್ಲಿಯೇ ಉಂಟಾಗತಕ್ಕದ್ದು. ಹೆಚ್ಚು ಆಯ್ದುಕೊಳ್ಳುವ ಆಸೆಯೂ ಅಲ್ಲಿಯೇ ಹುಟ್ಟತಕ್ಕದ್ದು. ಇನ್ನೂ ಮುಖ್ಯವಾದುದು ಮಾರಯ್ಯನು ಆ ಮಾತನ್ನು ಕೇಳಿದನು ಎಂಬುದು. ಹೇಳುವ ಬಾಯಿಯೂ ಕೇಳುವ ಕಿವಿಯೂ ಕೂಡಿದಾಗಲೇ ‘ಸಾಕು’ ಎಂಬುದಕ್ಕೆ ಅರ್ಥ. ಇದೇ ಅಳತೆಗೋಲನ್ನು ಹಿಡಿದು ಈ ಕಾಲದ ಮೂರು ಕೃತಿಗಳನ್ನು ಪರಿಶೀಲಿಸೋಣ. ಅವುಗಳಲ್ಲಿ ಎರಡು ಚಲಚ್ಚಿತ್ರಗಳು, ಕನ್ನಡದವಲ್ಲ, ಹೋಲಿಕೆಗಾಗಿ ತಂದುಕೊಂಡಿದ್ದೇವೆ.

ಮೊದಲನೆಯದು ಸತ್ಯಜಿತ್ ರಾಯ್ ಅವರ ‘ಅಪೂರ್ ಸಂಸಾರ್’ (1959). ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಅಪರಾಜಿತೊ’ ಕಾದಂಬರಿಯ ಉತ್ತರಭಾಗವನ್ನು ಆಧರಿಸಿದ ಬಂಗಾಲಿ ಚಿತ್ರವಿದು. ಉಳ್ಳವರ ಮನೆಯ ಹುಡುಗಿ ಅಪರ್ಣಾ ಕಲಕತ್ತೆಯ ರೈಲುಹಳಿಗಳ ಪಕ್ಕದ ಮಾಳಿಗೆಯ ಕೋಣೆಗೆ ಮದುಮಗಳಾಗಿ ಬರುತ್ತಾಳೆ. ಕಿಟಕಿಗೆ ಹರಿದ ಪರದೆ. ಅದರ ತೂತಿನಿಂದ ಹೊರಗೆ ನೋಡುತ್ತ ಅಳುತ್ತಾಳೆ. ಕೆಳಗೆ ತಾಯಿಯೊಡನೆ ಆಡುವ ಒಂದು ಮಗುವನ್ನು ಕಂಡು ಕಣ್ಣೊರೆಸಿಕೊಳ್ಳುತ್ತಾಳೆ. ಮುಂದೆ ಸಂಸಾರ ಸಾಗಿದ್ದನ್ನು ರಾಯ್ ಅವರು ಉಪನ್ಯಾಸ ಮಾಡಿ ಹೇಳುವುದಿಲ್ಲ. ಕಿಟಕಿಗೆ ಹೊಸ ಪರದೆ ಬರುತ್ತದೆ. ಅಲಾರಾಂ ಗಡಿಯಾರ ಕೂಗುತ್ತದೆ. ಅವಳು ಎದ್ದು ಒಲೆ ಹೊತ್ತಿಸುತ್ತಾಳೆ. ಗಂಡ ಉಣ್ಣುವಾಗ ಅವಳು ಬೀಸಣಿಗೆ ಬೀಸುತ್ತಾಳೆ. ಅವಳು ಉಣ್ಣುವಾಗ ಗಂಡ ಬೀಸುತ್ತಾನೆ.

ಇಲ್ಲಿಯೇ ನಾವು ಹುಡುಕುತ್ತಿದ್ದ ಮಾತು ಬರುತ್ತದೆ. ಅವಳ ಶ್ರಮವನ್ನು ನೋಡಲಾರದೆ ಅಪೂ ಇನ್ನೊಂದು ಮನೆಪಾಠ ಹಿಡಿದು ಕೆಲಸದವಳನ್ನು ಇಡುತ್ತೇನೆನ್ನುತ್ತಾನೆ. ಅವಳು ತಿರುಗಿ, ಇರುವ ಮನೆಪಾಠವನ್ನೂ ಬಿಟ್ಟು ಬೇಗ ಮನೆಗೆ ಬಾ ಎನ್ನುತ್ತಾಳೆ. ಏಳೆಂಟು ಶತಮಾನಗಳ ಅಂತರದ ಲಕ್ಕಮ್ಮನನ್ನೂ ಕಲ್ಯಾಣದ ಬಾಡಿಗೆ ಕೋಣೆಯ ಆ ಹೆಣ್ಣುಮಗಳನ್ನೂ ಅಪರ್ಣಾಳ ಈ ಮಾತು ನಮಗೆ ಒಮ್ಮೆಲೇ ನೆನಪಿಗೆ ತಂದಿತು. ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಹೆರಿಗೆಗೆ ತವರಿಗೆ ಹೋದ ಅಪರ್ಣಾ ಅಲ್ಲಿಯೇ ತೀರಿಕೊಳ್ಳುತ್ತಾಳೆ. ಮಗು ಬಂದ ಮೇಲೆ, ಖರ್ಚು ಬೆಳೆದ ಮೇಲೆ, ಆ ಒಂದು ಕೋಣೆ ಸಾಕಾಗುತ್ತಿತ್ತೇ ಎಂಬ ಕಠಿಣ ಪ್ರಶ್ನೆಯನ್ನು ಚಿತ್ರವು ಎದುರಿಸಬೇಕಾಗಿ ಬರುವುದೇ ಇಲ್ಲ. ಸಾವು ಆ ಸಂಸಾರವನ್ನು ಅಂದವಾಗಿಯೇ ಉಳಿಸಿಬಿಟ್ಟಿದೆ.

ಆ ಪ್ರಶ್ನೆಯ ಒಂದು ಮಗ್ಗುಲನ್ನು ಎರಡನೆಯ ಚಿತ್ರ ಮುಟ್ಟುತ್ತದೆ. ಬಾಸು ಚಟರ್ಜಿಯವರ ಹಿಂದಿ ಚಿತ್ರ ‘ಪಿಯಾ ಕಾ ಘರ್’ (1972), ಅದಕ್ಕೆ ಮೂಲವಾದ ಮರಾಠಿಯ ‘ಮುಂಬಯಿಚಾ ಜಾವಯಿ’ (1970) ಇವು ಮುಂಬಯಿಯ ಚಾಳವನ್ನು ಕುರಿತವು. ಮುಂಬಯಿ ಸರಕಾರ 1920ರ ದಶಕದಲ್ಲಿ ಕಟ್ಟಿಸಿದ ಬಿ.ಡಿ.ಡಿ. ಚಾಳಗಳಲ್ಲಿ ಒಂದು ಕೋಣೆಯ ಅಳತೆ 160 ಚದರಡಿ ಎಂದರೆ ಚಾಳದ ಸಂಸಾರದ ಇಕ್ಕಟ್ಟನ್ನು ವಾಚಕರು ಊಹಿಸಿಕೊಳ್ಳಬಹುದು. ‘ಪಿಯಾ ಕಾ ಘರ್’ ಚಿತ್ರದಲ್ಲಿ ಹಳ್ಳಿಯ ವಿಶಾಲವಾದ ಮನೆಯಿಂದ ಬಂದ ಸೊಸೆ ಮಾಲತಿಗೆ ಗಂಡನೊಡನೆ ಮಲಗಲು ಅಡುಗೆಮನೆಯೇ ಗತಿ. ಗಂಡಹೆಂಡಿರು ಎರಡು ಮಾತು ಆಡಬೇಕೆಂದರೂ ಎಡೆಯಿಲ್ಲ. ನಗಿಸುತ್ತಲೇ ಚಿತ್ರವು ಒಂದು ಕಟುಸತ್ಯವನ್ನು ಹೇಳುತ್ತದೆ: ಇಬ್ಬರೂ ಕೂಡಿ ‘ಸಾಕು’ ಎನ್ನಬೇಕಾದರೆ ಮೊದಲು ಇಬ್ಬರಿಗೆ ಮಾತನಾಡುವಷ್ಟು ಸ್ಥಳ ಬೇಕು. ಬಾಗಿಲಿಲ್ಲದ ಮನೆಯಲ್ಲಿ ಸಂತೃಪ್ತಿಯ ಉಪದೇಶ ಮಾಡುವುದು ನಿರ್ದಯೆಯಾಗುತ್ತದೆ. ಚಿತ್ರದ ಕೊನೆಯಲ್ಲಿ ಮನೆಮಂದಿಯ ಪ್ರೀತಿ ಈ ಇಕ್ಕಟ್ಟನ್ನು ಮರೆಸುತ್ತದೆ. ನೋಡುವಾಗ ಕಣ್ಣು ತೇವವಾಗುತ್ತದೆ ನಿಜ; ಆದರೆ ಮನೆಗೆ ಬಂದು ಯೋಚಿಸಿದರೆ ಅಡುಗೆಮನೆಯ ಹಾಸಿಗೆ ಅಲ್ಲಿಯೇ ಇದೆ. ಇಲ್ಲದ್ದನ್ನು ಒಪ್ಪಿಕೊಳ್ಳುವುದು ಬೇರೆ, ಇದ್ದುದನ್ನು ಸಾಕೆನ್ನುವುದು ಬೇರೆ. ಈ ಭೇದವನ್ನು ಚಿತ್ರವು ಕೊನೆಗೆ ಕೈಬಿಟ್ಟಿದೆಯೆಂದು ನಮಗೆ ತೋರುತ್ತದೆ.

ಮೂರನೆಯದು ಕನ್ನಡದ್ದು, ವಿವೇಕ ಶಾನಭಾಗರ ನೀಳ್ಗತೆ ‘ಘಾಚರ್ ಘೋಚರ್’ (2013). ಶ್ರೀನಾಥ ಪೇರೂರರ ಅನುವಾದದಿಂದ ಇಂಗ್ಲಿಷಿಗೂ ಹೋಗಿ ಹೆಸರು ಪಡೆದ ಕೃತಿ. ಬೆಂಗಳೂರಿನ ಒಂದು ಕುಟುಂಬ ಮೊದಲು ಸಾಲುಕೋಣೆಗಳ ಸಣ್ಣ ಮನೆಯಲ್ಲಿರುತ್ತದೆ. ತಂದೆಯ ಸಂಬಳವೊಂದೇ ಆಧಾರ. ಒಂದು ವಸ್ತುವನ್ನು ಕೊಳ್ಳಬೇಕಾದರೂ ಮನೆಯವರೆಲ್ಲ ಕುಳಿತು ವಿಚಾರ ಮಾಡಬೇಕು. ಲೆಕ್ಕ ಎಲ್ಲರಿಗೂ ಗೊತ್ತು. ಆಮೇಲೆ ಚಿಕ್ಕಪ್ಪನು ‘ಸೋನಾ ಮಸಾಲಾ’ ವ್ಯಾಪಾರವನ್ನು ಹೂಡುತ್ತಾನೆ, ಹಣ ಹರಿದು ಬರುತ್ತದೆ, ದೊಡ್ಡ ಮನೆಯಾಗುತ್ತದೆ. ಅಲ್ಲಿಂದ ಮುಂದೆ ಲೆಕ್ಕ ಯಾರಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ.

ಈ ಮನೆಗೆ ಹೈದರಾಬಾದಿನಿಂದ ಸೊಸೆಯಾಗಿ ಬಂದವಳು ಅನಿತಾ. ಗಂಡನು ವ್ಯಾಪಾರದಲ್ಲಿ ಹೆಸರಿಗೆ ಮಾತ್ರ ಪಾಲುಳ್ಳವನು, ಕೆಲಸ ಮಾಡದೆ ಸಂಬಳ ಪಡೆಯುವವನು ಎಂಬುದು ಅವಳಿಗೆ ಮದುವೆಯಾದ ಮೇಲೆ ತಿಳಿಯುತ್ತದೆ. ನೀನೇ ದುಡಿದದ್ದು ಬೇಕು ಎಂಬುದು ಅವಳ ಹಟ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸೊಬ್ಬಳನ್ನು ಮನೆಯವರು ಅವಮಾನಿಸಿ ಅಟ್ಟಿದಾಗ ಅದು ತಪ್ಪೆಂದು ಹೇಳುವವಳೂ ಅವಳೊಬ್ಬಳೇ. ಲಕ್ಕಮ್ಮನ ಸ್ಥಾನದಲ್ಲಿ ನಿಂತವಳು ಈ ಅನಿತಾ. ಕೇಳುವ ಮಾರಯ್ಯ ಮಾತ್ರ ಇಲ್ಲ. ಕತೆಯ ಹೆಸರು ಅವಳು ತವರಿನಿಂದ ತಂದ ಮಾತು. ಗಾಳಿಪಟದ ದಾರ ಗೋಜಲಾದುದಕ್ಕೆ ಅವಳ ತಮ್ಮ ಕಟ್ಟಿದ ಶಬ್ದ. ಆ ಗುಟ್ಟಿನ ಮಾತನ್ನು ಅವಳು ಗಂಡನಿಗೆ ಕೊಡುತ್ತಾಳೆ. ಅವನು ಶಬ್ದವನ್ನು ಇಟ್ಟುಕೊಳ್ಳುತ್ತಾನೆ, ಅವಳ ಉಳಿದ ಮಾತುಗಳನ್ನು ಬಿಡುತ್ತಾನೆ.

ಕತೆಯನ್ನು ಹೇಳುವವನು ಗಂಡನಾದುದರಿಂದ ಅನಿತಾಳ ಹಗಲುಗಳು ನಮಗೆ ಕಾಣುವುದಿಲ್ಲ ಎಂದು ಆಕ್ಷೇಪಿಸಬಹುದು. ನಾವು ಹಾಗೆ ಭಾವಿಸುವುದಿಲ್ಲ. ಕೇಳಿಸಿಕೊಳ್ಳದವನ ಬಾಯಿಂದಲೇ ಕತೆ ಬಂದುದರಿಂದ ಆ ಕಿವುಡುತನವೇ ಕೃತಿಯ ವಸ್ತುವಾಗಿದೆ. ಕೊನೆಯಲ್ಲಿ ಊರಿಗೆ ಹೋದ ಅನಿತಾ ಹಿಂದಿರುಗುವುದನ್ನು ಕಾಯುತ್ತ ಓದುಗನಿಗೆ ಹುಟ್ಟುವ ದಿಗಿಲು, ಅವಳ ಮಾತನ್ನು ಆ ಮನೆ ಎಷ್ಟು ದಿನ ಕಡೆಗಣಿಸಿದೆ ಎಂಬುದರ ಅರಿವಿನಿಂದ ಹುಟ್ಟಿದ್ದು. ಈ ಮೂರರಲ್ಲಿ ಇದನ್ನೇ ನಾವು ಹೆಚ್ಚು ಬಲವಾದ ಕೃತಿಯೆಂದು ಎಣಿಸುತ್ತೇವೆ.

ಮೇಲಿನ ವಿವೇಚನೆಯಿಂದ ಇಷ್ಟು ಹೇಳಬಹುದು. ಪಟ್ಟಣವು ಸಂಸಾರವನ್ನು ಕೆಡಿಸುತ್ತದೆಂಬ ಮಾತು ಅರ್ಧಸತ್ಯ. ಲೆಕ್ಕವು ಇಬ್ಬರಿಗೂ ತಿಳಿದಿರುವ ಒಂದು ಕೋಣೆಯಲ್ಲಿ ಸಂಸಾರವು ಹಸನಾಗಿಯೇ ನಡೆಯುತ್ತದೆ. ಲೆಕ್ಕ ಮುಚ್ಚಿದ ದೊಡ್ಡ ಮನೆಯಲ್ಲಿ ಅದು ಗೋಜಲಾಗುತ್ತದೆ.

ಇದನ್ನು ಬರೆದು ಮುಗಿಸಿದೆವೆಂದುಕೊಂಡಾಗ ನಮ್ಮ ತೀರ್ಮಾನಕ್ಕೆ ತಿದ್ದುಪಡಿ ಬೇಕಾಯಿತು. ಈ ವರ್ಷ ಹಳೆಯ ಪ್ರಬಂಧವನ್ನು ಬಿಟ್ಟು, ‘ನಮ್ಮ ಮನೆಯಲ್ಲಿ ಸಾಕು ಎನ್ನುವವರು ಯಾರು’ ಎಂಬ ವಿಷಯವನ್ನು ಒಂಬತ್ತನೆಯ ತರಗತಿಗೆ ಕೊಟ್ಟೆವು. ಒಬ್ಬ ಹುಡುಗಿ ನಾಲ್ಕೇ ಸಾಲು ಬರೆದಿದ್ದಳು. ಅವರ ಮನೆಯಲ್ಲಿ ಹಾಗೆ ಅನ್ನುವವಳು ತಾಯಿಯಂತೆ. ಎಲ್ಲರೂ ಉಂಡ ಮೇಲೆ ‘ನನಗ ಸಾಕು’ ಎನ್ನುತ್ತಾಳಂತೆ. ಆಗ ಬುಟ್ಟಿಯಲ್ಲಿ ರೊಟ್ಟಿ ಇರುವುದಿಲ್ಲವಂತೆ.

ಲಕ್ಕಮ್ಮನ ‘ಸಾಕು’ ಇಬ್ಬರ ಪರವಾಗಿ ಆಡಿದ್ದು. ಈ ತಾಯಿಯದು ತನ್ನೊಬ್ಬಳ ಪಾಲನ್ನು ಬಿಟ್ಟುಕೊಟ್ಟದ್ದು. ಶಬ್ದ ಒಂದೇ ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹೆಣ್ಣುಮಗಳು ಸಾಕೆಂದಾಗ ಗಂಡಸು ಬುಟ್ಟಿಯ ಮುಚ್ಚಳವನ್ನು ಒಮ್ಮೆ ತೆಗೆದು ನೋಡಬೇಕು, ವಿಮರ್ಶಕನೂ ನೋಡಬೇಕು. ‘ಪಿಯಾ ಕಾ ಘರ್’ ಚಿತ್ರದ ಬಗ್ಗೆ ನಾವು ಮೇಲೆ ಮಾಡಿದ ಆಕ್ಷೇಪವನ್ನು ಈ ಹುಡುಗಿ ನಮಗಿಂತ ಚೆನ್ನಾಗಿ ಹೇಳಿದ್ದಾಳೆ.

ನಮ್ಮ ಶಾಲೆಗಳಿಂದ ಹೊರಟ ಎಷ್ಟೋ ಜೋಡಿಗಳು ಇಂದು ಮುಂಬಯಿ, ಪುಣೆ, ಬೆಂಗಳೂರುಗಳ ಬಾಡಿಗೆ ಕೋಣೆಗಳಲ್ಲಿ ಸಂಸಾರ ಹೂಡಿವೆ. ಅವರಿಗೆ ಹಳ್ಳಿಯೇ ಲೇಸೆಂಬ ಪ್ರಬಂಧದಿಂದ ಏನೂ ನೆರವಾಗದು. ಲಕ್ಕಮ್ಮನ ಪ್ರಸಂಗವನ್ನು ಕಾಯಕದ ಪಾಠವಾಗಿ ಕಲಿಸುವಂತೆಯೇ ಗಂಡಹೆಂಡಿರ ಮಾತಾಗಿಯೂ ಕಲಿಸಿದರೆ ಒಳಿತೆಂದು ಅಧ್ಯಾಪಕ ಬಂಧುಗಳಲ್ಲಿ ನಮ್ಮ ಅರಿಕೆ. ನಾವಂತೂ ಆ ನಾಲ್ಕು ಸಾಲಿನ ಪ್ರಬಂಧಕ್ಕೆ ಹತ್ತಕ್ಕೆ ಹತ್ತು ಗುಣಗಳನ್ನು ಕೊಟ್ಟಿದ್ದೇವೆ.