ಆರ್‌ಎನ್‌ಎಯ ನೆಲೆ: ರಾಬರ್ಟ್ ಸಿಂಗರರ ಸಂಶೋಧನೆಯ ವಿಮರ್ಶೆ

ಜೀವಕೋಶದಲ್ಲಿ ಸಂದೇಶವಾಹಕ ಆರ್‌ಎನ್‌ಎ ಎಲ್ಲೆಡೆಯೂ ಸಮನಾಗಿ ಹರಡಿರುವುದೆಂಬ ಭಾವನೆಯನ್ನು ಅಲುಗಿಸಿದವರಲ್ಲಿ ಅಮೆರಿಕದ ರಾಬರ್ಟ್ ಸಿಂಗರರು ಮುಖ್ಯರು. ಮೊದಲು ವುಸ್ಟರಿನಲ್ಲಿಯೂ ಅನಂತರ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿಯೂ ನಡೆದ ಅವರ ವ್ಯಾಸಂಗವೆಲ್ಲ ಈ ಒಂದೇ ಪ್ರಶ್ನೆಯ ಸುತ್ತ ಬೆಳೆದುದೆನ್ನಬಹುದು.

1986ರಲ್ಲಿ ಅವರೂ ಜೀನ್ ಲಾರೆನ್ಸರೂ ಕೋಳಿಯ ಭ್ರೂಣದಿಂದ ಪಡೆದ ಕೋಶಗಳನ್ನು ಪರೀಕ್ಷಿಸಿದರು. ಆಕ್ಟಿನ್ನಿನ ಸಂದೇಶವು ಕೋಶದ ಅಂಚುಗಳಲ್ಲಿಯೂ ವೈಮೆಂಟಿನ್ನಿನದು ಕೋಶಕೇಂದ್ರದ ಬಳಿಯಲ್ಲಿಯೂ ಕಂಡುಬಂದಿತು. ಈ ಭೇದವೇ ಪ್ರಮಾಣದ ಜೀವಾಳ. ಒಂದೇ ಸಂದೇಶವನ್ನು ನೋಡಿದ್ದರೆ ಆಕಸ್ಮಿಕವೆಂದು ತಳ್ಳಿಹಾಕಬಹುದಾಗಿತ್ತು.

ಆಕ್ಟಿನ್ ಸಂದೇಶದ ಬಾಲದಲ್ಲಿರುವ 54 ಘಟಕಗಳ ತುಣುಕೊಂದು ನೆಲೆಯನ್ನು ಸೂಚಿಸುವುದೆಂದು 1994ರಲ್ಲಿ ತಿಳಿದುಬಂದಿತು. ಅದನ್ನು ಇವರು ಅಂಚೆಯ ‘ಜಿಪ್‌ಕೋಡ್’ ಎಂದು ಕರೆದರು. ಉಪಮೆ ಸೊಗಸಾಗಿದೆ, ಆದರೆ ಪೂರ್ಣೋಪಮೆಯಲ್ಲ. ವಿಳಾಸವನ್ನೋದುವ ಪ್ರೋಟೀನು ಸಂದೇಶವನ್ನು ಒಯ್ಯುವುದಷ್ಟೇ ಅಲ್ಲ, ಗುರಿ ಮುಟ್ಟುವವರೆಗೆ ಅದರ ಅನುವಾದವನ್ನೂ ತಡೆದಿರುತ್ತದೆಂದು 2005ರಲ್ಲಿ ಸ್ಪಷ್ಟವಾಯಿತು. ಓಲೆಗೆ ಮುದ್ರೆಯೊತ್ತಿ ಕಾಯುವ ಅಂಚೆಯವನನ್ನು ನಾವಾರೂ ಕಂಡಿಲ್ಲ!

ವಿಮರ್ಶೆಗೆ ನಿಜವಾಗಿ ಒಳಗಾಗಬೇಕಾದುದು ಇವರ ಇನ್ನೊಂದು ಸಾಧನ. ಎಂಎಸ್2 ಎಂಬ ವೈರಸ್ಸಿನ ಆರ್‌ಎನ್‌ಎಯಲ್ಲಿರುವ ಕುಣಿಕೆಗಳನ್ನು ಸಂದೇಶಕ್ಕೆ ಸೇರಿಸಿ, ಅವಕ್ಕೆ ಅಂಟುವ ಪ್ರೋಟೀನಿಗೆ ಹಸುರಾಗಿ ಹೊಳೆಯುವ ಪ್ರೋಟೀನನ್ನು ಜೋಡಿಸುವುದು ಅದರ ಕ್ರಮ. 1998ರಲ್ಲಿ ಈ ಉಪಾಯದಿಂದ ಜೀವಂತ ಯೀಸ್ಟಿನಲ್ಲಿ ಸಂದೇಶವು ತಾಯಿಕೋಶದಿಂದ ಮೊಗ್ಗಿನ ಕಡೆಗೆ ಸಾಗುವುದನ್ನು ಕಣ್ಣಾರೆ ಕಂಡರು. 2015ರಲ್ಲಿ ಗಾರ್ಸಿಯಾ ಮತ್ತು ಪಾರ್ಕರ್ ಆಕ್ಷೇಪವೆತ್ತಿದರು: ಅಂಟಿದ ಪ್ರೋಟೀನು ಸಂದೇಶದ ನಾಶವನ್ನು ತಡೆಯುತ್ತದೆ, ಹೊಳೆಯುವುದು ಕೆಲವೆಡೆ ಸಂದೇಶವಲ್ಲ, ಅದರ ಉಳಿಕೆಯ ಚೂರು. ಲಿಪಿಕಾರನು ಅಂಚಿನಲ್ಲಿ ಬರೆದ ಗುರುತೇ ಮೂಲಪಾಠವೆಂದು ಭ್ರಮಿಸುವ ಅಪಾಯವನ್ನು ಗ್ರಂಥಸಂಪಾದಕರು ಬಲ್ಲರು.

ಈ ಆಕ್ಷೇಪ ಸಾರವತ್ತಾದುದು. ಆದರೂ ಅದು ಎಷ್ಟು ದೂರ ಮುಟ್ಟುತ್ತದೆಂಬುದನ್ನು ಎಚ್ಚರದಿಂದ ಅಳೆಯಬೇಕು. 1986ರ ನಿರ್ಣಯಕ್ಕೆ ಕುಣಿಕೆಗಳ ಹಂಗಿಲ್ಲ. ಯೀಸ್ಟಿನ ಸಂದೇಶದ ನೆಲೆಯೂ 1997ರಲ್ಲಿಯೇ, ಸ್ಥಿರಗೊಳಿಸಿದ ಕೋಶಗಳ ಪರೀಕ್ಷೆಯಿಂದ ಬೇರೆಯಾಗಿ ಸಿದ್ಧವಾಗಿತ್ತು. ಸಂಶಯಕ್ಕೀಡಾದುದು ನೆಲೆಯಲ್ಲ, ಯೀಸ್ಟಿನಲ್ಲಿ ಸಂದೇಶಗಳ ಆಯುಸ್ಸು ಮತ್ತು ಎಣಿಕೆ.

ಸಿಂಗರರ ಪ್ರಯೋಗಶಾಲೆಯವರು ಮೊದಲು ವಾದಿಸಿದರು. ಆದರೆ ವಾದದಲ್ಲಿಯೇ ನಿಲ್ಲಲಿಲ್ಲ. ಅಂಟು ಸಡಿಲವಾಗಿ, ಸಂದೇಶವು ಸಹಜವಾಗಿ ನಾಶವಾಗುವಂತೆ ಕುಣಿಕೆಗಳನ್ನು ತಿದ್ದಿ 2018ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚಿನ ಯೀಸ್ಟಿನ ಲೇಖನಗಳಲ್ಲಿ ಹೊಳೆಯುವ ಚುಕ್ಕೆಗಳ ಲೆಕ್ಕವನ್ನಷ್ಟೇ ನೆಚ್ಚಿದ ಭಾಗಗಳು ಮರುಪರಿಶೀಲನೆಗೆ ಅರ್ಹವೆಂದು ನಮ್ಮ ಅಭಿಪ್ರಾಯ.